ಮೊದಲ ಕಥಾಸಂಕಲನಕ್ಕೆ ಪ್ರಕಾಶಕರನ್ನು ಹುಡುಕುವುದು ಹೇಗೆ? ಏಜೆಂಟ್ ಬೇಕೆ?

ಪ್ರಶ್ನೆ: ನಾನು ಮುಧೋಳದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ, ವಯಸ್ಸು 29. ಹನ್ನೊಂದು ಕಥೆ ಬರೆದಿದ್ದೇನೆ. ಅವುಗಳಲ್ಲಿ ಎರಡು ಕಥೆ ಪತ್ರಿಕೆಗಳಲ್ಲಿ ಬಂದಿವೆ. ಸಂಕಲನ ತರಬೇಕೆಂಬ ಆಸೆ, ಆದರೆ ಪ್ರಕಾಶಕರ ಪರಿಚಯ ಯಾರದೂ ಇಲ್ಲ. ಬೆಂಗಳೂರಿನ ಒಂದು ಸಂಸ್ಥೆಯವರು ಫೋನ್ ಮಾಡಿ, ಈ ತಿಂಗಳ ಕೊನೆಯೊಳಗೆ 45 ಸಾವಿರ ಕಟ್ಟಿದರೆ ಪುಸ್ತಕ ಮಾಡಿಕೊಡುತ್ತೇವೆ, ದೊಡ್ಡವರಿಂದ ಮುನ್ನುಡಿಯನ್ನೂ ಬರೆಸುತ್ತೇವೆ ಎಂದರು. ಬಾನು ಮುಷ್ತಾಕ್ ಅವರಿಗೆ ಬುಕರ್ ಬಂದ ಮೇಲೆ ಗೆಳತಿಯರು, ‘ನೀನೂ ಒಬ್ಬ ಏಜೆಂಟನ್ನು ಹಿಡಿ’ ಅನ್ನುತ್ತಾರೆ. ನನ್ನ ಕಥೆಗಳೆಲ್ಲ ನಮ್ಮೂರಿನ ಮಾತಿನಲ್ಲಿವೆ, ಅದನ್ನು ತಿದ್ದಿ ಕಳಿಸಬೇಕೇ? ದಾರಿ ತೋರಿಸಿ ಸರ್.

ಉತ್ತರ:

ತಂಗಿ, ಮೊದಲು ಆ 45 ಸಾವಿರದ ಮಾತು ಮುಗಿಸೋಣ, ಅವರು ಗಡುವು ಬೇರೆ ಕೊಟ್ಟಿದ್ದಾರೆ. ಕಟ್ಟಬೇಡಿ. ಹಣ ಪಡೆದು ಪುಸ್ತಕ ಅಚ್ಚು ಮಾಡಿಕೊಡುವುದು ಒಂದು ಕಸುಬು, ಅದರಲ್ಲಿ ತಪ್ಪೇನೂ ಇಲ್ಲ. ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ ಯಾವ ಮುದ್ರಣಾಲಯಕ್ಕೆ ಹೋದರೂ ‘ರೊಕ್ಕಾ ಕೊಡ್ರಿ, ಪುಸ್ತಕ ನಿಮ್ಮ ಕೈಯಾಗ ಇಡ್ತೀವಿ’ ಅನ್ನುತ್ತಾರೆ, ಹೇಳಿದಂತೆ ಇಡುತ್ತಾರೆ ಕೂಡ. ಆದರೆ ನಿಮಗೆ ಫೋನ್ ಮಾಡಿದವರು ನಿಮ್ಮ ಕಥೆಗಳನ್ನು ಓದಿಯೇ ಇಲ್ಲ. ಓದದೇ ಒಪ್ಪಿಕೊಂಡವರನ್ನು ಪ್ರಕಾಶಕರು ಎಂದು ನಾನು ಕರೆಯುವುದಿಲ್ಲ. ಪ್ರಕಾಶಕರು ತಮ್ಮ ಹಣ ಹಾಕುತ್ತಾರೆ, ಅದಕ್ಕೇ ಮೊದಲು ಓದುತ್ತಾರೆ, ಹಾಕಿದ್ದು ಮರಳಿ ಬರಬೇಕಾದ್ದರಿಂದ ಪುಸ್ತಕವನ್ನು ಅಂಗಡಿಗೆ ಮುಟ್ಟಿಸುತ್ತಾರೆ. ನಿಮ್ಮ ಹಣದಲ್ಲೇ ಅಚ್ಚಾದ ಪುಸ್ತಕದಲ್ಲಿ ಅವರ ಲಾಭ ಅಚ್ಚಿನ ಹೊತ್ತಿಗೇ ಬಂದಿರುತ್ತದೆ, ಆಮೇಲೆ ಅದನ್ನು ಮಾರುವ ಜರೂರು ಯಾರಿಗೂ ಉಳಿಯುವುದಿಲ್ಲ. ನಮ್ಮ ಕಡೆ ಎಷ್ಟೋ ಲೇಖಕರ ಮನೆಗಳಲ್ಲಿ ಮಂಚದ ಕೆಳಗೆ ದಾರ ಬಿಚ್ಚದ ಪುಸ್ತಕದ ಕಟ್ಟುಗಳು ಬಿದ್ದಿರುವುದು ಇದರಿಂದಲೇ.

ಮುನ್ನುಡಿಯ ಆಮಿಷಕ್ಕೂ ಮರುಳಾಗಬೇಡಿ. ಒಳ್ಳೆಯ ಪ್ರಕಾಶಕರು ಮುನ್ನುಡಿ ನೋಡಿ ಪುಸ್ತಕ ಆರಿಸುವುದಿಲ್ಲ. ಮುನ್ನುಡಿಗಾಗಿ ದೊಡ್ಡವರ ಮನೆಗೆ ವರ್ಷಗಟ್ಟಲೆ ಅಲೆದು ಹಸ್ತಪ್ರತಿಯನ್ನೇ ಮರೆತವರನ್ನು ನೋಡಿದ್ದೇನೆ. ಪುಸ್ತಕ ಒಪ್ಪಿಗೆಯಾದ ಮೇಲೆ ಮುನ್ನುಡಿಯೋ ಬೆನ್ನುಡಿಯೋ ಯಾರಿಂದ ಬರೆಸಬೇಕೆಂದು ಪ್ರಕಾಶಕರ ಜೊತೆ ಕೂತು ಯೋಚಿಸಿ. ಮುನ್ನುಡಿಯೇ ಇಲ್ಲದ ಸಂಕಲನ ಬಂದರೂ ಯಾವ ಓದುಗರೂ ದೂರುವುದಿಲ್ಲ.

ಇನ್ನು ಏಜೆಂಟ್. ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ದೊಡ್ಡ ಸಂಸ್ಥೆಗಳು ಲೇಖಕರಿಂದ ನೇರವಾಗಿ ಹಸ್ತಪ್ರತಿ ಪಡೆಯುವುದು ಕಡಿಮೆ. ನಡುವೆ ಏಜೆಂಟ್ ಇರುತ್ತಾರೆ. ಅವರು ಓದುತ್ತಾರೆ, ತಿದ್ದಿಸುತ್ತಾರೆ, ಪ್ರಕಾಶಕರೊಂದಿಗೆ ದರ ಮಾತಾಡುತ್ತಾರೆ, ಒಪ್ಪಂದ ನೋಡಿಕೊಳ್ಳುತ್ತಾರೆ. ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ 15, ಬೇರೆ ದೇಶದ ಹಕ್ಕುಗಳಾದರೆ ಶೇ 20ರವರೆಗೆ ಪಾಲು ಪಡೆಯುತ್ತಾರೆ. ಪುಸ್ತಕ ಮಾರಾಟವಾಗದಿದ್ದರೆ ಅವರಿಗೂ ಏನೂ ಇಲ್ಲ. ಆದ್ದರಿಂದ ‘ಓದುವ ಶುಲ್ಕ’, ‘ನೋಂದಣಿ ಶುಲ್ಕ’ ಎಂದು ಮುಂಗಡ ಕೇಳುವ ಏಜೆಂಟ್ ಯಾರೇ ಆಗಲಿ, ಅಲ್ಲಿಗೇ ಮಾತು ನಿಲ್ಲಿಸಿ. ಕನ್ನಡದಲ್ಲಿ ಈ ಪದ್ಧತಿ ಬೆಳೆದೇ ಇಲ್ಲ, ಕಾರಣ ಸರಳ. ಸಾವಿರ ಪ್ರತಿ ಅಚ್ಚಾಗುವ ಪುಸ್ತಕದ ಗೌರವಧನದಲ್ಲಿ ಮೂರನೆಯವರು ಪಾಲು ಪಡೆದರೆ ಅವರ ಬಸ್ ಚಾರ್ಜಿಗೂ ಸಾಲುವುದಿಲ್ಲ. ಕನ್ನಡದಲ್ಲಿ ಪ್ರಕಾಶಕರಿಗೆ ನೀವೇ ಬರೆಯುತ್ತೀರಿ, ಅವರೇ ಓದುತ್ತಾರೆ. ಹೊಸಬರ ಮಟ್ಟಿಗೆ ಇದು ದೊಡ್ಡ ಅನುಕೂಲ ಎಂದೇ ನನ್ನ ನಂಬಿಕೆ.

ಬಾನು ಮುಷ್ತಾಕ್ ಅವರ ಉದಾಹರಣೆಯನ್ನು ಗೆಳತಿಯರು ಹೇಳುತ್ತಿದ್ದರೆ ಅದರ ಹಿಂದಿನ ದಾರಿಯನ್ನೂ ನೋಡಲಿ. 2025ರ ಅಂತರರಾಷ್ಟ್ರೀಯ ಬುಕರ್ ಪಡೆದ ಆ ಕಥೆಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಅಚ್ಚಾದವು. ಅವುಗಳಿಂದ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿ ಅನುವಾದಿಸಿದರು. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮನಾಗಿ ಸೇರಿತು. ಅಂದರೆ ಕನ್ನಡದ ಪುಸ್ತಕ ಮೊದಲು, ಅನುವಾದಕರು ಆಮೇಲೆ, ಏಜೆಂಟರ ಮಾತು ಅದಕ್ಕೂ ಆಮೇಲೆ. ನಿಮ್ಮ ಕೈಯಲ್ಲಿ ಈಗ ಇರುವುದು ಮೊದಲ ಹೆಜ್ಜೆ.

ಪ್ರಕಾಶಕರನ್ನು ಹುಡುಕುವ ಜಾಗ ನಿಮ್ಮ ಮನೆಯ ಕಪಾಟು ಮತ್ತು ಊರಿನ ಗ್ರಂಥಾಲಯ. ಕಳೆದ ಐದಾರು ವರ್ಷಗಳಲ್ಲಿ ಬಂದ ಕಥಾಸಂಕಲನಗಳಲ್ಲಿ ನಿಮಗೆ ಇಷ್ಟವಾದವನ್ನು ತೆಗೆದು ಒಳಪುಟ ತಿರುಗಿಸಿ. ಯಾರು ಪ್ರಕಟಿಸಿದ್ದಾರೆ, ಯಾವ ಊರು, ಎಷ್ಟು ಪ್ರತಿ, ಎಷ್ಟನೇ ಮುದ್ರಣ ಎಂಬುದೆಲ್ಲ ಅಲ್ಲೇ ಇರುತ್ತದೆ. ಒಂದೇ ಹೆಸರು ಮೂರು ನಾಲ್ಕು ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಿಕ್ಕರೆ ಆ ಪ್ರಕಾಶಕರ ರುಚಿ ನಿಮ್ಮ ರುಚಿಗೆ ಹತ್ತಿರವಿದೆ ಎಂದು ತಿಳಿಯಿರಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ದೊಡ್ಡ ಹೆಸರಿನ ಹತ್ತು ಸಂಸ್ಥೆಗಳ ವಿಳಾಸ ಬರೆದುಕೊಂಡು ಎಲ್ಲರಿಗೂ ಒಂದೇ ಇಮೇಲ್ ಕಳಿಸುತ್ತಾರೆ. ಅದರಲ್ಲಿ ಪಠ್ಯಪುಸ್ತಕ ಮಾಡುವವರೂ ಇರುತ್ತಾರೆ, ಧಾರ್ಮಿಕ ಪುಸ್ತಕ ಮಾಡುವವರೂ ಇರುತ್ತಾರೆ. ಉತ್ತರ ಬರದಿದ್ದಾಗ ಕಥೆಗಳೇ ಚೆನ್ನಾಗಿಲ್ಲವೆಂದುಕೊಂಡು ಕೂರುತ್ತಾರೆ.

ನಮ್ಮ ಭಾಗದವರಿಗೆ ಬೆಂಗಳೂರೇ ಗತಿ ಎಂದೂ ಅಂದುಕೊಳ್ಳಬೇಡಿ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ್ದು. ಸುಭಾಸ ರಸ್ತೆಯ ಅದರ ಮಹಡಿಯ ಕಚೇರಿ ‘ಅಟ್ಟ’ದಲ್ಲಿ ಕೂತು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥವರು ಹಸ್ತಪ್ರತಿಗಳನ್ನು ಓದಿದ್ದಾರೆ. ಗದುಗಿನಲ್ಲಿ ಲಡಾಯಿ ಪ್ರಕಾಶನ, ಹೆಗ್ಗೋಡಿನಲ್ಲಿ ಅಕ್ಷರ ಪ್ರಕಾಶನ, ಶಿವಮೊಗ್ಗದಲ್ಲಿ ಅಹರ್ನಿಶಿ ಇವೆ. ಬೆಂಗಳೂರಿನಲ್ಲಿ ಛಂದ, ಅಂಕಿತ, ಅಭಿನವ, ನವಕರ್ನಾಟಕ, ಬಹುರೂಪಿ ಹೀಗೆ ಹಲವು. ಒಬ್ಬೊಬ್ಬರ ಮನೋಧರ್ಮ ಒಂದೊಂದು. ಇವರಲ್ಲಿ ಯಾರ ನಾಲ್ಕು ಪುಸ್ತಕವನ್ನೂ ಓದಿರದೆ ಅವರಿಗೆ ಹಸ್ತಪ್ರತಿ ಕಳಿಸಬೇಡಿ. ಮಠಗಳೂ ವಿಶ್ವವಿದ್ಯಾಲಯದ ಪ್ರಸಾರಾಂಗಗಳೂ ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಪುಸ್ತಕಗಳನ್ನು ತಂದಿವೆ, ಆದರೆ ಅವುಗಳ ಒಲವು ವಚನ, ಸಂಶೋಧನೆ, ಉಪನ್ಯಾಸಗಳ ಕಡೆಗೆ. ಹೊಸಬರ ಕಥೆಗೆ ಅಲ್ಲಿ ಜಾಗ ಕಡಿಮೆ.

ನಿಮ್ಮ ಎರಡು ಕಥೆ ಪತ್ರಿಕೆಯಲ್ಲಿ ಬಂದಿವೆ ಎಂದಿರಿ. ಅದು ಸಣ್ಣ ಮಾತಲ್ಲ. ಕನ್ನಡದಲ್ಲಿ ಏಜೆಂಟ್ ಮಾಡುವ ಕೆಲಸದ ಅರ್ಧವನ್ನು ಪತ್ರಿಕೆಗಳೇ ಮಾಡಿಕೊಂಡು ಬಂದಿವೆ. ಮಯೂರ, ಸುಧಾ, ತರಂಗ, ತುಷಾರ, ಹುಬ್ಬಳ್ಳಿಯ ಕಸ್ತೂರಿ, ಕರ್ಮವೀರ, ಭಾನುವಾರದ ಪುರವಣಿಗಳು, ಸಂಗಾತದಂಥ ಸಾಹಿತ್ಯ ಪತ್ರಿಕೆಗಳು, ಅವಧಿ ಮತ್ತು ಕೆಂಡಸಂಪಿಗೆಯಂಥ ಜಾಲತಾಣಗಳು, ಇವನ್ನೆಲ್ಲ ಪ್ರಕಾಶಕರು ಓದುತ್ತಾರೆ, ಹೊಸ ಹೆಸರು ಕಂಡರೆ ನೆನಪಿಟ್ಟುಕೊಳ್ಳುತ್ತಾರೆ. ಪ್ರಜಾವಾಣಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂದ ಎಷ್ಟೋ ಜನರಿಗೆ ಸಂಕಲನದ ಬಾಗಿಲು ತಾನಾಗಿ ತೆರೆದಿದೆ. ಆದ್ದರಿಂದ ಉಳಿದ ಒಂಬತ್ತರಲ್ಲಿ ನಿಮಗೆ ಗಟ್ಟಿ ಅನ್ನಿಸಿದ ಮೂರನ್ನು ಮುಂದಿನ ಆರು ತಿಂಗಳಲ್ಲಿ ಪತ್ರಿಕೆಗಳಿಗೆ ಕಳಿಸಿ. ಒಂದು ಕಥೆ ಒಂದು ಸಲಕ್ಕೆ ಒಂದೇ ಕಡೆ. ಎರಡು ಕಡೆ ಕಳಿಸಿ ಎರಡರಲ್ಲೂ ಬಂದುಬಿಟ್ಟರೆ ಇಬ್ಬರು ಸಂಪಾದಕರ ವಿಶ್ವಾಸ ಒಟ್ಟಿಗೆ ಹೋಗುತ್ತದೆ. ಅಚ್ಚಾದ ಕಥೆಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ನಿಮ್ಮಲ್ಲೇ ಇರುತ್ತದೆ. ಸಂಕಲನದಲ್ಲಿ ಯಾವ ಪತ್ರಿಕೆ, ಯಾವ ಸಂಚಿಕೆ ಎಂದು ನಮೂದಿಸಿದರೆ ಸಾಕು. ಸ್ಪರ್ಧೆಗೆ ಕಳಿಸುವಾಗ ಮಾತ್ರ ನಿಯಮಗಳನ್ನು ಪೂರ್ತಿ ಓದಿ, ಕೆಲವೆಡೆ ಹಕ್ಕಿನ ಮಾತು ಅಲ್ಲೇ ಅಡಗಿರುತ್ತದೆ.

ನಿಮ್ಮಂಥವರಿಗೆಂದೇ ಇರುವ ಇನ್ನೊಂದು ದಾರಿ ಹಸ್ತಪ್ರತಿ ಸ್ಪರ್ಧೆ. ಛಂದ ಪುಸ್ತಕದವರು ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾವೇ ಪ್ರಕಟಿಸುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ‘ಈ ಹೊತ್ತಿಗೆ’ ಸಂಸ್ಥೆಯೂ ಅಪ್ರಕಟಿತ ಕಥಾಸಂಕಲನಕ್ಕೆ ಪ್ರಶಸ್ತಿ ಕೊಡುತ್ತದೆ. ಕವಿತೆ ಬರೆಯುವ ಗೆಳತಿಯರಿದ್ದರೆ ಲಡಾಯಿಯವರ ವಿಭಾ ಸಾಹಿತ್ಯ ಪ್ರಶಸ್ತಿಯ ಬಗ್ಗೆ ಅವರಿಗೆ ಹೇಳಿ. ಇಂಥಲ್ಲಿ ಸಾಮಾನ್ಯವಾಗಿ ತೀರ್ಪುಗಾರರು ಹೆಸರಿಲ್ಲದ ಹಸ್ತಪ್ರತಿಯನ್ನು ಓದುವುದರಿಂದ ಮುಧೋಳ ಎಲ್ಲಿದೆ, ನೀವು ಯಾರ ಪೈಕಿ ಎಂಬುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಬಹುಮಾನ ಬಾರದಿದ್ದರೂ ಕೊನೆಯ ಸುತ್ತಿಗೆ ಬಂದ ಹಸ್ತಪ್ರತಿ ಎಂದು ಪತ್ರದಲ್ಲಿ ಬರೆದರೆ ಬೇರೆ ಪ್ರಕಾಶಕರು ಅದನ್ನು ಬೇಗ ಕೈಗೆತ್ತಿಕೊಳ್ಳುತ್ತಾರೆ.

ಸರ್ಕಾರದ ಕಡೆಯಿಂದ ಕನ್ನಡ ಪುಸ್ತಕ ಪ್ರಾಧಿಕಾರವಿದೆ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅದು ಪ್ರೋತ್ಸಾಹಧನ ಕೊಡುತ್ತದೆ. 18ರಿಂದ 35 ವರ್ಷದೊಳಗಿನವರಿಗೆ ಈ ಯೋಜನೆ, ನಿಮಗಿನ್ನೂ ಕಾಲಾವಕಾಶ ಇದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಕಣ್ಣಿಟ್ಟಿರಿ. ಪುಸ್ತಕ ಬಂದ ಮೇಲಿನ ಮಾತೊಂದನ್ನೂ ಈಗಲೇ ಹೇಳಿಬಿಡುತ್ತೇನೆ: ಕರ್ನಾಟಕ ಸಾಹಿತ್ಯ ಅಕಾಡೆಮಿ ಲೇಖಕರ ಮೊದಲ ಕೃತಿಗೆ ಕೊಡುವ ದತ್ತಿ ಬಹುಮಾನ ನಮ್ಮ ಹಲಸಂಗಿಯ ಮಧುರಚೆನ್ನರ ಹೆಸರಿನಲ್ಲಿದೆ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು ಗೆಳೆಯರನ್ನು ಕಟ್ಟಿಕೊಂಡು ಗರತಿಯರ ಹಾಡುಗಳನ್ನು ಸಂಗ್ರಹಿಸಿದ ಕವಿ ಅವರು. ಹೊಸಬರನ್ನು ಗುರುತಿಸುವ ಬಹುಮಾನ ಅವರ ಹೆಸರಿನಲ್ಲಿರುವುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

ಇನ್ನು ನಿಮ್ಮೂರಿನ ಮಾತು. ಅದನ್ನು ತಿದ್ದಬೇಡಿ, ಯಾರು ಹೇಳಿದರೂ ತಿದ್ದಬೇಡಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಮಾತನ್ನು ಹಿಡಿದು ಬರೆದ ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದಿದೆ, ನಾಡಿನ ಎಲ್ಲ ಮೂಲೆಯವರೂ ಅವರನ್ನು ಓದುತ್ತಾರೆ. ಆದರೆ ಆಡುಮಾತಿನಲ್ಲಿ ಬರೆಯುವವರು ಹೆಚ್ಚು ಶಿಸ್ತು ಪಾಲಿಸಬೇಕಾಗುತ್ತದೆ. ಒಂದು ಪುಟದಲ್ಲಿ ‘ಹೋಗ್ತೇನಿ’, ಮುಂದಿನ ಪುಟದಲ್ಲಿ ಅದೇ ಪಾತ್ರದ ಬಾಯಲ್ಲಿ ‘ಹೊಕ್ಕೀನಿ’ ಬಂದರೆ ಓದುವವರಿಗೆ ಅದು ಮುದ್ರಣದೋಷದಂತೆ ಕಾಣುತ್ತದೆ. ಪಾತ್ರದ ಊರು, ಜಾತಿ, ವಯಸ್ಸು ನೋಡಿ ಮಾತು ಬೇರೆಯಾಗಲಿ, ಆದರೆ ಒಂದೇ ಪಾತ್ರದೊಳಗೆ ಒಂದೇ ಬರವಣಿಗೆಯ ರೂಪ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಕಥೆಗಳಲ್ಲಿ ಪದೇ ಪದೇ ಬರುವ ಕ್ರಿಯಾಪದಗಳನ್ನು ಬರೆದು, ಎದುರಿಗೆ ನೀವು ಒಪ್ಪಿದ ಕಾಗುಣಿತ ಬರೆದಿಡಿ. ಕರಡು ತಿದ್ದುವವರಿಗೆ ಅದನ್ನೇ ಕೊಡಿ. ಇಲ್ಲದಿದ್ದರೆ ದಕ್ಷಿಣದ ಕರಡು ತಿದ್ದುಗರು ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ‘ಬ್ಯಾಡ’ವನ್ನು ‘ಬೇಡ’ ಮಾಡಿಬಿಡುತ್ತಾರೆ. ನಿರೂಪಣೆಯೂ ಆಡುಮಾತಿನಲ್ಲಿರಬೇಕೇ, ಸಂಭಾಷಣೆ ಮಾತ್ರ ಸಾಕೇ ಎಂಬುದನ್ನು ಪ್ರತಿ ಕಥೆಗೂ ಬೇರೆಬೇರೆಯಾಗಿ ತೀರ್ಮಾನಿಸಿ. ಪದಕೋಶ ಜೋಡಿಸುವ ಅಗತ್ಯ ನನಗೆ ಕಾಣುವುದಿಲ್ಲ, ಸಂದರ್ಭವೇ ಅರ್ಥ ಹೇಳುವಂತೆ ವಾಕ್ಯ ಕಟ್ಟಿದರೆ ಸಾಕು.

ಹಸ್ತಪ್ರತಿಯನ್ನು ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಈಗಲೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದುಕೊಡುತ್ತಾರೆ, ಅದು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಾಗದ ಗುರುತುಗಳಾಗಿ ಕಾಣುತ್ತದೆ. ಪ್ರಕಾಶಕರು ಒಂದು ಸಲ ತೆರೆದು ಮುಚ್ಚಿಟ್ಟರೆ ಮುಗಿಯಿತು. ವರ್ಡ್ ಕಡತ, ಅದರ ಪಿಡಿಎಫ್ ಎರಡನ್ನೂ ಕಳಿಸಿ. ಪುಟಸಂಖ್ಯೆ ಇರಲಿ, ಮೊದಲ ಪುಟದಲ್ಲಿ ಹೆಸರು, ವಿಳಾಸ, ಫೋನ್ ಇರಲಿ. ಚಿತ್ರ, ಬಣ್ಣ, ಅಲಂಕಾರದ ಅಕ್ಷರ ಏನೂ ಬೇಡ. ಕಥೆಗಳ ಸರಣಿಯನ್ನು ಮನಸ್ಸಿಟ್ಟು ಜೋಡಿಸಿ: ಓದುವವರು ಮೊದಲ ಕಥೆಯನ್ನು ಪೂರ್ತಿ ಓದುತ್ತಾರೆ, ಎರಡನೆಯದನ್ನು ಅರ್ಧ ಓದುತ್ತಾರೆ, ಅಷ್ಟರಲ್ಲಿ ಅವರ ಮನಸ್ಸು ಒಂದು ಕಡೆ ವಾಲಿರುತ್ತದೆ. ಹನ್ನೊಂದೂ ಇರಲೇಬೇಕೆಂಬ ಹಟ ಬೇಡ. ಎಂಟು ಗಟ್ಟಿ ಕಥೆಗಳ ಪುಸ್ತಕ ಹನ್ನೊಂದು ಕಥೆಗಳ ಸಡಿಲ ಪುಸ್ತಕಕ್ಕಿಂತ ಎಷ್ಟೋ ಮೇಲು.

ಜೊತೆಗಿನ ಪತ್ರ ಹತ್ತು ಸಾಲು ದಾಟಬಾರದು. ಹೀಗೆ ಬರೆಯಬಹುದು: ‘ಮಾನ್ಯರೇ, ನಾನು ಮುಧೋಳದಲ್ಲಿ ಶಿಕ್ಷಕಿ. ಘಟಪ್ರಭೆಯ ದಂಡೆಯ ಹಳ್ಳಿಗಳ ಹೆಣ್ಣುಮಕ್ಕಳ ಬದುಕಿನ ಸುತ್ತ ಬರೆದ ಒಂಬತ್ತು ಕಥೆಗಳನ್ನು ಕಳಿಸುತ್ತಿದ್ದೇನೆ. ಒಟ್ಟು ಸುಮಾರು 27,000 ಪದಗಳು. ಇವುಗಳಲ್ಲಿ ಎರಡು ಇಂಥ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ನೀವು ಪ್ರಕಟಿಸಿದ ಇಂಥ ಸಂಕಲನಗಳನ್ನು ಓದಿದ್ದರಿಂದ ನಿಮಗೇ ಕಳಿಸಬೇಕೆನ್ನಿಸಿತು. ಇದು ನನ್ನ ಮೊದಲ ಪುಸ್ತಕ.’ ಕಥೆಗಳ ಜಗತ್ತನ್ನು ಹೇಳುವ ಆ ಒಂದು ವಾಕ್ಯವನ್ನು ನಿಮ್ಮ ಕಥೆಗಳಿಗೆ ತಕ್ಕಂತೆ ಬರೆದುಕೊಳ್ಳಿ, ಅದಕ್ಕೆ ಒಂದು ಸಂಜೆ ಹೋದರೂ ಚಿಂತೆಯಿಲ್ಲ. ‘ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’, ‘ಬಡವಿಯ ಪ್ರಯತ್ನ’ ಎಂಬ ಮಾತುಗಳನ್ನು ದಯವಿಟ್ಟು ಬರೆಯಬೇಡಿ. ನೀವು ಬೇಡಲು ಹೋಗುತ್ತಿಲ್ಲ.

ಕಳಿಸಿದ ಮೇಲೆ ಮೂರು ತಿಂಗಳು ಸುಮ್ಮನಿರಿ. ಸಣ್ಣ ಪ್ರಕಾಶನಗಳಲ್ಲಿ ಓದುವವರು, ಪುಟವಿನ್ಯಾಸ ನೋಡುವವರು, ಪಾರ್ಸಲ್ ಕಟ್ಟುವವರು ಬಹುತೇಕ ಒಬ್ಬರೇ. ಮೂರು ತಿಂಗಳಾದ ಮೇಲೆ ಒಂದು ಸಾಲಿನ ಇಮೇಲ್ ಹಾಕಿ. ಇನ್ನೊಂದು ತಿಂಗಳು ಉತ್ತರ ಬಾರದಿದ್ದರೆ, ‘ಹಸ್ತಪ್ರತಿಯನ್ನು ಬೇರೆಡೆ ಕಳಿಸುತ್ತಿದ್ದೇನೆ’ ಎಂದು ತಿಳಿಸಿ ಮುಂದಿನವರಿಗೆ ಕಳಿಸಿ. ಬೇಡವೆಂದವರು ಕಾರಣ ಬರೆದಿದ್ದರೆ ಆ ಪತ್ರವನ್ನು ಜೋಪಾನ ಮಾಡಿ. ಕಾರಣ ಬರೆಯುವಷ್ಟು ಓದಿದ್ದಾರೆ ಎಂದರೆ ಮುಂದಿನ ಪುಸ್ತಕಕ್ಕೆ ಅವರನ್ನೇ ಮೊದಲು ಕೇಳಬಹುದು.

ಎಲ್ಲ ಕಡೆಯೂ ಆಗಲಿಲ್ಲ, ಸ್ವಂತ ಖರ್ಚಿನಲ್ಲೇ ತರುತ್ತೇನೆ ಎಂದರೆ ಅದರಲ್ಲಿ ಅವಮಾನವಿಲ್ಲ. ವಿಜಯಪುರದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದ ವಚನಗಳನ್ನು ಅಚ್ಚು ಹಾಕಿಸಲು ಪಟ್ಟ ಪಾಡು ನಮ್ಮ ಭಾಗಕ್ಕೆಲ್ಲ ಗೊತ್ತು. ಕೊನೆಗೆ 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯವನ್ನೇ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ನೀವು ಮನೆ ಮಾರಬೇಕಿಲ್ಲ, ಆದರೆ ಅವರಂತೆ ಪೂರ್ತಿ ಕೆಲಸ ಕಲಿಯಬೇಕು. ಐಎಸ್‌ಬಿಎನ್ ಎಂಬ, ಪ್ರತಿ ಪುಸ್ತಕಕ್ಕೂ ಇರುವ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಸಾವಿರಗಟ್ಟಲೆ ಕೇಳುವವರಿಗೆ ಕೊಡಬೇಡಿ. ಡೆಮಿ 1/8 ಎಂಬ, ಕಥಾಪುಸ್ತಕಗಳ ಸಾಮಾನ್ಯ ಆಕಾರದಲ್ಲಿ 27,000 ಪದ ಸುಮಾರು 128 ಪುಟವಾಗುತ್ತದೆ, ಅಂದರೆ ಹದಿನಾರು ಪುಟದ ಎಂಟು ಫಾರ್ಮು. ಮೂರು ಮುದ್ರಣಾಲಯಗಳಲ್ಲಿ ಕಾಗದ, ಅಚ್ಚು, ಮುಖಪುಟ, ಬೈಂಡಿಂಗ್ ಬೇರೆ ಬೇರೆಯಾಗಿ ದರ ಕೇಳಿ ಬರೆಸಿಕೊಳ್ಳಿ. ಪ್ರತಿಗಳನ್ನು 200ರಿಂದ 300ಕ್ಕೆ ನಿಲ್ಲಿಸಿ, ಬೇಕಾದರೆ ಮತ್ತೆ ಅಚ್ಚು ಹಾಕಿಸಬಹುದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ಹಣವನ್ನು ನಂಬಿ ಸಾಲ ಮಾಡಬೇಡಿ. ಆಯ್ಕೆಗೂ ಪಾವತಿಗೂ ಬಹಳ ಕಾಲ ಹಿಡಿಯುತ್ತದೆ.

ಪ್ರಕಾಶಕರು ಒಪ್ಪಿದರು ಎಂದುಕೊಳ್ಳೋಣ. ಆಗ ಸಂತೋಷದಲ್ಲಿ ಬಾಯಿಮಾತಿಗೆ ಬಿಡಬೇಡಿ, ಒಂದು ಪುಟವಾದರೂ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆ ತಿಳಿಯುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಹಕ್ಕು ಮುಗಿಯುತ್ತದೆ. ಹಾಗಾಗಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು’ ಎಂಬ ಸಾಲು ಕಂಡರೆ ಅದನ್ನು ಹೊಡೆದುಹಾಕಲು ಕೇಳಿ. ಕನ್ನಡದ ಮುದ್ರಿತ ಪುಸ್ತಕದ ಹಕ್ಕನ್ನು ಇಷ್ಟು ವರ್ಷಕ್ಕೆ ಅಥವಾ ಇಷ್ಟು ಮುದ್ರಣಕ್ಕೆ ಎಂದು ಕೊಡಿ. ಇ-ಪುಸ್ತಕ, ಆಡಿಯೊ, ಅನುವಾದ, ನಾಟಕ ಮತ್ತು ಸಿನಿಮಾ ಹಕ್ಕುಗಳು ನಿಮ್ಮಲ್ಲಿರಲಿ. ನಾಳೆ ಒಬ್ಬ ಅನುವಾದಕರು ನಿಮಗೆ ಬರೆದಾಗ ‘ಸರಿ’ ಎನ್ನುವ ಅಧಿಕಾರ ನಿಮಗಿರಬೇಕು.

ಹಣದ ಲೆಕ್ಕವನ್ನೂ ಸಂಕೋಚವಿಲ್ಲದೆ ಕೇಳಿ. ಕನ್ನಡದಲ್ಲಿ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10. ಪುಸ್ತಕದ ಬೆಲೆ 160 ರೂಪಾಯಿ ಎಂದರೆ ಪ್ರತಿಗೆ 16 ರೂಪಾಯಿ, 500 ಪ್ರತಿಗೆ 8,000. ಅಂಗಡಿಗೆ ಶೇ 35ರಿಂದ 40 ರಿಯಾಯಿತಿ ಹೋದ ಮೇಲೆ ಅಚ್ಚು, ಸಾಗಣೆ, ನಿಮ್ಮ ಪಾಲು ಎಲ್ಲ ಉಳಿದದ್ದರಲ್ಲೇ ಹೊರಡಬೇಕು, ಪ್ರಕಾಶಕರ ಕಷ್ಟವೂ ಸುಳ್ಳಲ್ಲ. ಅನೇಕರು ಮೊದಲ ಪುಸ್ತಕಕ್ಕೆ ಹಣದ ಬದಲು ಇಪ್ಪತ್ತು ಇಪ್ಪತ್ತೈದು ಪ್ರತಿ ಕೊಡುತ್ತಾರೆ. ಅದನ್ನು ಒಪ್ಪಿಕೊಂಡರೂ ತಪ್ಪಿಲ್ಲ, ಆದರೆ ಎರಡನೇ ಮುದ್ರಣದಿಂದ ಗೌರವಧನ ಎಂದು ಬರೆಸಿಕೊಳ್ಳಿ. ಎಷ್ಟು ಪ್ರತಿ ಅಚ್ಚಾದವು, ಎಷ್ಟು ಖರ್ಚಾದವು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕೊಡಬೇಕು ಎಂಬ ಸಾಲೂ ಇರಲಿ. ನಿಮ್ಮ ಕೈಗೆ ಬರುವ ಪ್ರತಿಗಳ ಜೊತೆಗೆ, ಲೇಖಕರ ರಿಯಾಯಿತಿಯಲ್ಲಿ ಇನ್ನಷ್ಟು ಪ್ರತಿ ಕೊಳ್ಳುವ ಅವಕಾಶವನ್ನೂ ಕೇಳಿ. ಕೂಡಲಸಂಗಮದ ಶರಣ ಮೇಳ, ತಾಲ್ಲೂಕು ಸಾಹಿತ್ಯ ಸಮ್ಮೇಳನ, ಜಮಖಂಡಿ ಬಾಗಲಕೋಟೆಯ ಕಾಲೇಜುಗಳು, ಇಲ್ಲೆಲ್ಲ ನೀವೇ ಒಯ್ದು ಮಾರಬಹುದು, ಅಲ್ಲಿಯವರೆಗೆ ಬೆಂಗಳೂರಿನ ಪ್ರಕಾಶಕರ ಕೈ ಸುಲಭವಾಗಿ ಚಾಚುವುದಿಲ್ಲ.